5 ಮಿ.ಮೀ. ಕ್ರೋಷಾ ಕಡ್ಡಿ: ಎರಡು ವರ್ಷಕ್ಕೂ ಮಿಕ್ಕಿದ ಬಳಕೆಯ ನಂತರ

ಕ್ರೋಷಾ ಕಲಿಯಲು ಹೊರಟವರಿಗೆ ಮೊದಲು ಬೇಕಾದದ್ದು ಹತ್ತಾರು ಕಡ್ಡಿಗಳ ಸೆಟ್ ಅಲ್ಲ, ಕೈಗೆ ಒಗ್ಗುವ ಒಂದೇ ಒಂದು 5 ಮಿ.ಮೀ. ಕಡ್ಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಮೆತ್ತನೆಯ ರಬ್ಬರ್ ಹಿಡಿಕೆಯ ಅಲ್ಯೂಮಿನಿಯಂ ಕಡ್ಡಿಯೊಂದನ್ನು ಕಲಬುರಗಿಯ ನಮ್ಮ ಮನೆಯಲ್ಲಿ ಎರಡು ವರ್ಷಕ್ಕೂ ಮೇಲ್ಪಟ್ಟು ಹೆಚ್ಚುಕಡಿಮೆ ದಿನವೂ ಬಳಸುತ್ತ ಬಂದಿದ್ದೇನೆ. ಸಾದಾ ಉಕ್ಕಿನ ಕಡ್ಡಿ, ಬಿದಿರಿನ ಕಡ್ಡಿ ಮತ್ತು ಆನ್‌ಲೈನಿನಲ್ಲಿ ಸಿಗುವ ಬಣ್ಣಬಣ್ಣದ ಅಗ್ಗದ ಸೆಟ್ ಕೂಡ ನನ್ನ ಬಳಿ ಇರುವುದರಿಂದ ಹೋಲಿಸಿ ಹೇಳಬಲ್ಲೆ.

ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ಕ್ರೋಷಾ ಎಂದರೆ ಬಿಳಿ ಹತ್ತಿ ದಾರದ ಬಾಗಿಲ ತೋರಣ, ಟೇಬಲ್ ಹೊದಿಕೆ, ದೇವರ ಜಗುಲಿಯ ಪರದೆ. ಅದಕ್ಕೆ 1 ರಿಂದ 1.75 ಮಿ.ಮೀ. ಒಳಗಿನ ಉಕ್ಕಿನ ಕಡ್ಡಿಯೇ ಬೇಕು. ಕಲಿಯಲು ಬಂದ ಹುಡುಗಿಯರ ಕೈಗೂ ಹಿರಿಯರು ಅದನ್ನೇ ಕೊಡುತ್ತಾರೆ. ಪಕ್ಕದ ಮನೆಯ ಕಾಕು ನನಗೂ, "ತಂಗಿ, ಕಡ್ಡಿ ಸಣ್ಣದಿದ್ರನೇ ಕೆಲಸ ಚಂದ ಬರ್ತದ" ಎಂದಿದ್ದರು. ಅವರ ಕೈಕೆಲಸಕ್ಕೆ ಆ ಮಾತು ಪೂರ್ತಿ ಸಲ್ಲುತ್ತದೆ. ಆದರೆ ಕುಣಿಕೆ ಯಾವುದು, ಅದರ ಹಿಂದಿನ ಎಳೆ ಯಾವುದು ಎಂದು ಇನ್ನೂ ಗುರುತು ಸಿಗದವರಿಗೆ ಅಷ್ಟು ಸಣ್ಣ ಕೆಲಸದಲ್ಲಿ ಕಣ್ಣು ಸೋಲುತ್ತದೆ, ಕೈ ಬಿಗಿಯುತ್ತದೆ. ಮಧ್ಯಮ ದಪ್ಪದ, ತಿಳಿ ಬಣ್ಣದ ಅಕ್ರಿಲಿಕ್ ಉಲ್ಲನ್ ದಾರವನ್ನು 5 ಮಿ.ಮೀ. ಕಡ್ಡಿಯಲ್ಲಿ ಹೆಣೆದರೆ ಪ್ರತಿಯೊಂದು ಕುಣಿಕೆಯೂ ಬಿಡಿಬಿಡಿಯಾಗಿ ಕಾಣುತ್ತದೆ, ಬಿಚ್ಚಿ ಮತ್ತೆ ಹಾಕುವುದೂ ಸುಲಭ. ಕಪ್ಪು ಅಥವಾ ಕಡುನೀಲಿ ದಾರದಲ್ಲಿ ಈ ಅನುಕೂಲ ಇಲ್ಲವಾಗುತ್ತದೆ.

ಕೊಳ್ಳುವಾಗ ಮಿಲಿಮೀಟರ್ ಅಳತೆಯನ್ನು ಮಾತ್ರ ನಂಬಬೇಕು. ಬರಿಯ ಸಂಖ್ಯೆ ದಾರಿ ತಪ್ಪಿಸುತ್ತದೆ: ಅಮೆರಿಕದ ಲೆಕ್ಕದಲ್ಲಿ ಜಿ-6 ಎಂದರೆ 4 ಮಿ.ಮೀ., ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 6 ಎಂದರೆ 5 ಮಿ.ಮೀ. ಬ್ರಿಟಿಷ್ ಕ್ರಮದಲ್ಲಿ ಸಂಖ್ಯೆ ಏರಿದಂತೆ ಕಡ್ಡಿ ತೆಳುವಾಗುತ್ತ ಹೋಗುತ್ತದೆ. ಅಮೆರಿಕದ ಕ್ರಮದಲ್ಲಿ ನಮಗೆ ಬೇಕಾದ 5 ಮಿ.ಮೀ. ಕಡ್ಡಿಯ ಗುರುತು ಎಚ್-8.

ಅಳತೆಯಷ್ಟೇ ಮುಖ್ಯವಾದದ್ದು ಕೊಕ್ಕೆಯ ಆಕಾರ; ಅಂಗಡಿಯಲ್ಲಿ ಇದರ ಬಗ್ಗೆ ಯಾರೂ ಹೇಳುವುದಿಲ್ಲ. ಕೆಲವು ಕಡ್ಡಿಗಳಲ್ಲಿ ಕೊಕ್ಕೆಯ ತಲೆಯೂ ದಿಂಡೂ (ಕುಣಿಕೆ ಕೂರುವ ನೇರ ಭಾಗ) ಒಂದೇ ಗಾತ್ರದಲ್ಲಿದ್ದು, ಕೊರಳನ್ನು (ತಲೆಯ ಕೆಳಗೆ ದಾರ ಹಿಡಿಯುವ ಕಚ್ಚು) ಆಳವಾಗಿ ಕೊರೆದಿರುತ್ತಾರೆ. ಅಮೆರಿಕದ ಸೂಸನ್ ಬೇಟ್ಸ್ ಬ್ರ್ಯಾಂಡಿನ ಕಡ್ಡಿಗಳು ಈ ಬಗೆಯವು. ಬಾಯ್ ಬ್ರ್ಯಾಂಡಿನ ಕಡ್ಡಿಗಳಲ್ಲಿ ಕೊರಳು ಸಣ್ಣಗಾಗಿ, ದಿಂಡಿನತ್ತ ಕ್ರಮೇಣ ದಪ್ಪವಾಗುತ್ತದೆ. ಕುಣಿಕೆಯ ಗಾತ್ರವನ್ನು ನಿರ್ಧರಿಸುವುದು ಕೊಕ್ಕೆಯಲ್ಲ, ದಿಂಡು. ಹೊಸಬರು ಕುಣಿಕೆಯನ್ನು ದಿಂಡಿನವರೆಗೆ ಎಳೆಯದೆ ಸಣ್ಣ ಕೊರಳಿನಲ್ಲೇ ಬಿಗಿದುಬಿಡುವುದರಿಂದ, ಮೊದಲ ಸರಪಳಿಯೇ (ಹೆಣಿಗೆ ಶುರುಮಾಡುವ ಕುಣಿಕೆಗಳ ಸಾಲು) ಮುದುರಿಕೊಂಡು, ಮುಂದಿನ ಸಾಲಿನಲ್ಲಿ ಕಡ್ಡಿ ಒಳಗೇ ಹೋಗದ ಸ್ಥಿತಿ ಬರುತ್ತದೆ. ಆದ್ದರಿಂದ ಬಿಗಿಯಾಗಿ ಹೆಣೆಯುವ ಕೈಯವರು ಮೊದಲನೆಯ ಬಗೆಯನ್ನು, ಇಲ್ಲವೇ ನನ್ನ ಕಡ್ಡಿಯಂತೆ ಇವೆರಡರ ನಡುವಿನ ಆಕಾರವನ್ನು ಆರಿಸಿಕೊಳ್ಳುವುದು ಒಳ್ಳೆಯದು. ಎಳೆಗಳು ಬೇಗ ಬಿಚ್ಚಿಕೊಳ್ಳುವ ದಾರಕ್ಕಾದರೆ ತುದಿ ಗುಂಡಗಿರಬೇಕು. ಚೂಪು ತುದಿ ಎಳೆಗಳ ನಡುವೆ ತೂರಿ ದಾರವನ್ನು ಸೀಳುತ್ತದೆ.

ಬಿಸಿಲು ನಲವತ್ತು ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಕಡ್ಡಿಯನ್ನು ಯಾವುದರಿಂದ ಮಾಡಿದ್ದಾರೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಬೆವರಿದ ಕೈಯಲ್ಲಿ ಸಾದಾ ಲೋಹದ ಕಡ್ಡಿ ಜಾರುತ್ತದೆ. ಬಿದಿರು ಹಗುರ, ಜಾರುವುದಿಲ್ಲ. ಆದರೆ ಅಕ್ರಿಲಿಕ್ ದಾರ ಅದರ ಮೇಲೆ ತಡೆದು ತಡೆದು ಸಾಗುತ್ತದೆ, ಮತ್ತು ನನ್ನ ಬಿದಿರಿನ ಕಡ್ಡಿಯ ಕೊಕ್ಕೆ ಕೆಲವೇ ತಿಂಗಳಲ್ಲಿ ಒರಟಾಯಿತು. ಮೆತ್ತನೆಯ ಹಿಡಿಕೆಯ ಅಲ್ಯೂಮಿನಿಯಂ ಕಡ್ಡಿಯಲ್ಲಿ ದಾರ ಸರಾಗವಾಗಿ ಜಾರುತ್ತದೆ, ಕೈ ಮಾತ್ರ ಜಾರುವುದಿಲ್ಲ. ಹಿಡಿಕೆಯ ಮೇಲೆ ಹೆಬ್ಬೆರಳಿಗೆಂದೇ ಇರುವ ಚಪ್ಪಟೆ ಜಾಗದಿಂದ ಕೊಕ್ಕೆ ಯಾವ ಕಡೆ ತಿರುಗಿದೆ ಎಂಬುದು ನೋಡದೆಯೇ ತಿಳಿಯುತ್ತದೆ. ದಪ್ಪ ಹಿಡಿಕೆಯಾದ್ದರಿಂದ ಬೆರಳುಗಳನ್ನು ಗಟ್ಟಿಯಾಗಿ ಮಡಚಬೇಕಿಲ್ಲ. ಸಾದಾ ಕಡ್ಡಿಯಲ್ಲಿ ಹೆಣೆದಾಗ ಮಣಿಕಟ್ಟಿನಲ್ಲಿ ಬರುತ್ತಿದ್ದ ನೋವು ಇದರಲ್ಲಿ ಬಹಳ ಕಡಿಮೆ. ಆದರೆ ಕಡ್ಡಿಯನ್ನು ಪೆನ್ಸಿಲ್ ಹಿಡಿದಂತೆ ಹಿಡಿಯುವವರಿಗೆ ಈ ದಪ್ಪ ಒಗ್ಗದಿರಬಹುದು, ಕೈಯಲ್ಲಿ ಹಿಡಿದು ನೋಡಿಯೇ ಕೊಳ್ಳಬೇಕು.

ಇಷ್ಟು ಬಳಸಿದ ಮೇಲೂ ಹಿಡಿಕೆ ಸಡಿಲವಾಗಿಲ್ಲ, ಕೊಕ್ಕೆಯ ನುಣುಪು ಹೋಗಿಲ್ಲ. ಹಿಡಿಕೆಗೆ ಧೂಳು ಮತ್ತು ಬೆವರಿನ ಜಿಡ್ಡು ಅಂಟುವುದು ನಿಜವಾದ ಕೊರತೆ. ಆಗಾಗ ಸೋಪಿನ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಬೇಕು. ಮುದ್ರಿಸಿದ ಅಳತೆ ಬಹುತೇಕ ಅಳಿಸಿದೆ. ಅಗ್ಗದ ಸೆಟ್ಟಿನ ಕಥೆ ಬೇರೆ: ಅಚ್ಚಿನ ಗೆರೆ ಕೊಕ್ಕೆಯೊಳಗೆ ಹಾಗೆಯೇ ಉಳಿದಿದ್ದರಿಂದ ದಾರದ ಎಳೆ ಸಿಕ್ಕಿಕೊಳ್ಳುತ್ತಿತ್ತು, 5 ಎಂದು ಬರೆದದ್ದು ಅಳೆದಾಗ ಅದಕ್ಕಿಂತ ತೆಳುವಾಗಿತ್ತು, ಅದರ ಅರ್ಧಕ್ಕಿಂತ ಹೆಚ್ಚು ಕಡ್ಡಿಗಳನ್ನು ನಾನು ಮುಟ್ಟಿಯೇ ಇಲ್ಲ.

ಜಪಾನಿನ ಕ್ಲೋವರ್, ಟ್ಯೂಲಿಪ್ ಕಂಪನಿಗಳ ಹಿಡಿಕೆಯ ಕಡ್ಡಿಗಳಿಗೆ ಒಳ್ಳೆಯ ಹೆಸರಿದೆ, ಬೆಲೆಯೂ ಹೆಚ್ಚು. ನಮ್ಮ ದೇಶದ ಪೋನಿ, ನಿಟ್‌ಪ್ರೊ ಕಡ್ಡಿಗಳನ್ನೂ ಹೊಸಬರು ನೋಡಬಹುದು. ಯಾವುದನ್ನೇ ಕೊಂಡರೂ ಕೊಕ್ಕೆಯ ಒಳಬದಿಯನ್ನು ಉಗುರಿನಿಂದ ಸವರಿ ನೋಡಿ. ಉಗುರು ತಡೆದರೆ ದಾರವೂ ತಡೆಯುತ್ತದೆ. ಎರಡನೆಯ ಕಡ್ಡಿ ಬೇಕೆನಿಸಿದಾಗ 3.5 ಮಿ.ಮೀ. ಕೊಳ್ಳುವುದು ಲೇಸು, ಏಕೆಂದರೆ ನಮ್ಮ ಸೆಕೆಗೆ ಕೂಸಿನ ಕುಲಾವಿಯನ್ನು ತೆಳು ಹತ್ತಿ ದಾರದಲ್ಲೇ ಹೆಣೆಯಬೇಕಾಗುತ್ತದೆ.