ಸ್ಪೆಕ್ಟ್ರಮ್‌ಗೆ 48ಕೆ ಮೆಮೊರಿ ಕಿಟ್: ಮೂರು ವರ್ಷ ಬಳಸಿದ ಮೇಲೆ

ನನ್ನ ಹತ್ತಿರ ಇರುವುದು ಸಿಂಕ್ಲೇರ್ ಕಂಪನಿಯ ಹಳೇ ಹೋಮ್ ಕಂಪ್ಯೂಟರ್, 16ಕೆ (16 ಕಿಲೋಬೈಟ್) ಮೆಮೊರಿಯ ಝಡ್‌ಎಕ್ಸ್ ಸ್ಪೆಕ್ಟ್ರಮ್. 1982ರಲ್ಲಿ ಬಂದ ಮಾಡೆಲ್, ರಬ್ಬರ್ ಕೀಗಳದ್ದು. 16ಕೆ ಅಂದರೆ ಹೆಚ್ಚಿನ ಆಟಗಳು ಲೋಡೇ ಆಗುವುದಿಲ್ಲ. ಹಾಗಾಗಿ ಮೂರು ವರ್ಷದ ಹಿಂದೆ 48ಕೆ ಕಿಟ್ ತರಿಸಿದೆ. ಎಂಟು 4164 ರ‍್ಯಾಮ್ ಚಿಪ್, ನಾಲ್ಕು ಲಾಜಿಕ್ ಚಿಪ್, ಒಂದು ತುಂಡು ತಂತಿ, ಒಂದು ಹಾಳೆ ಸೂಚನೆ. ಕಂಪನಿ ಹೆಸರು ಬೇಡ, ಅವರ ಬಗ್ಗೆ ಸಿಟ್ಟು ಪೂರ್ತಿ ಇಳಿದಿಲ್ಲ.

ನನ್ನ ಬೋರ್ಡಿನಲ್ಲಿ ಖಾಲಿ ಸಾಕೆಟ್‌ಗಳು ಮೊದಲೇ ಇದ್ದವು. ಚಿಪ್ ಕೂರಿಸಿದೆ, ಹಾಳೆಯಲ್ಲಿದ್ದ ಮಸುಕು ಫೋಟೊ ನೋಡಿ ತಂತಿ ಬೆಸೆದೆ, ಆನ್ ಮಾಡಿದೆ. ಸಿಂಕ್ಲೇರ್ ಕಾಪಿರೈಟ್ ಸಾಲು ಎಂದಿನಂತೆ ಬಂತು. ಎಷ್ಟು ಮೆಮೊರಿ ಸಿಕ್ಕಿದೆ ಅಂತ ನೋಡಲು ಪ್ರಿಂಟ್ ಪೀಕ್ 23732 + 256 * ಪೀಕ್ 23733 ಎಂದು ಟೈಪ್ ಮಾಡಿದೆ (ಪೀಕ್ ಅಂದರೆ ಒಂದು ಮೆಮೊರಿ ವಿಳಾಸದಲ್ಲಿರುವ ಸಂಖ್ಯೆ ಓದುವುದು). 48ಕೆ ಇದ್ದರೆ ಮೆಮೊರಿಯ ಕೊನೆಯ ವಿಳಾಸ, 65535, ಬರಬೇಕಿತ್ತು. ಬಂದಿದ್ದು 32767. ಅಂದರೆ ಅದೇ ಹಳೇ 16ಕೆ!

ಇಲ್ಲಿ ಸುಮ್ನೆ ಕೂತು ಯೋಚಿಸಿದ್ದರೆ ಅರ್ಧ ಗಂಟೆಯ ಕೆಲಸ. ನಾನು ಮಲ್ಟಿಮೀಟರ್ ಎತ್ತಿಕೊಂಡೆ. ಹೊಸ ಚಿಪ್‌ಗಳಿಗೆ 5 ವೋಲ್ಟ್ ಬರುತ್ತಿತ್ತು. ಅಷ್ಟು ಸಾಕಿತ್ತು, ಆದರೆ "ಉಳಿದ ವೋಲ್ಟೇಜೂ ನೋಡಿಬಿಡೋಣ" ಅಂತ ಕಾಯಿಲ್ ಪಕ್ಕದ ಟಿಆರ್4 ಟ್ರಾನ್ಸಿಸ್ಟರ್ ಹತ್ತಿರ ಮೀಟರ್ ಕಡ್ಡಿ ಇಟ್ಟೆ. ಕಡ್ಡಿ ಜಾರಿತು. ಟಿವಿ ತುಂಬ ಪಟ್ಟೆ.

ಸ್ಪೆಕ್ಟ್ರಮ್‌ನಲ್ಲಿ ಎರಡು ಬಗೆಯ ರ‍್ಯಾಮ್ ಇದೆ. ಕಿಟ್‌ನಿಂದ ಸೇರುವ ಮೇಲಿನ 32ಕೆ ಚಿಪ್‌ಗಳಿಗೆ 5 ವೋಲ್ಟ್ ಒಂದೇ ಸಾಕು. ಮೊದಲೇ ಇದ್ದ ಕೆಳಗಿನ 16ಕೆಯ 4116 ಚಿಪ್‌ಗಳಿಗೆ ಮಾತ್ರ +12, +5, -5 ಮೂರೂ ಬೇಕು. ಟಿಆರ್4 ಹೋದರೆ -5 ವೋಲ್ಟ್ ಇಲ್ಲವಾಗುತ್ತದೆ. ಆಮೇಲೂ ಪವರ್ ಹರಿಯುತ್ತಿದ್ದರೆ 4116 ಸುಟ್ಟು ಹೋಗುತ್ತದೆ. ನಾನು ಸ್ವಿಚ್ ಆಫ್ ಮಾಡುವ ಬದಲು ಪಟ್ಟೆ ನೋಡುತ್ತಾ ನಿಂತಿದ್ದೆ. ಬೆರಳಿಟ್ಟು ನೋಡಿದಾಗ ಒಂದು 4116 ಕೆಂಡದಂತೆ ಕಾದಿತ್ತು.

ಹೊಸ ಟ್ರಾನ್ಸಿಸ್ಟರ್ ಹಾಕಿದೆ, ಸುಟ್ಟ 4116 ಬದಲಿಸಿದೆ. 4116 ನೇರ ಬೋರ್ಡಿಗೆ ಬೆಸೆದಿತ್ತು, ಸಾಕೆಟ್ ಇರಲಿಲ್ಲ. ಇಡೀ ಚಿಪ್ ಉಳಿಸಲು ಹೋಗಬೇಡಿ. ಕಾಲುಗಳನ್ನು ಕತ್ತರಿಸಿ, ಒಂದೊಂದನ್ನೇ ಬಿಸಿ ಮಾಡಿ ಎಳೆಯಿರಿ. ಇಲ್ಲದಿದ್ದರೆ ಬೋರ್ಡಿನ ತಾಮ್ರದ ಗೆರೆಯೇ ಎದ್ದು ಬರುತ್ತದೆ. ಪ್ರತಿ ಸಲ ಕೇಸ್ ತೆಗೆದು ಮುಚ್ಚಿ, ಕೀಬೋರ್ಡಿನ ರಿಬ್ಬನ್ನೂ ಮುರಿಯಿತು. ಅದೂ ಹೊಸದು ಬೇಕಾಯಿತು, ನೋಡಿ.

ಕಿಟ್ ಚಿಪ್‌ಗಳನ್ನೆಲ್ಲ ಕಿತ್ತು, ಮೊದಲು 16ಕೆ ಸರಿಯಾಗಿ ಓಡುವುದನ್ನು ಖಾತ್ರಿ ಮಾಡಿಕೊಂಡೆ. ಆಮೇಲೆ ಕಿಟ್ ಮತ್ತೆ ಕೂರಿಸಿ, ಮೊದಲ ದಿನವೇ ಮಾಡಬೇಕಿದ್ದ ಪರೀಕ್ಷೆ ಮಾಡಿದೆ: ಪೋಕ್ 40000, 255. ಅಂದರೆ 40000 ಎಂಬ ವಿಳಾಸದಲ್ಲಿ 255 ಬರೆಯುವುದು. ಮೆಮೊರಿ 32767ಕ್ಕೇ ಮುಗಿಯಿತು ಅಂತ ಯಂತ್ರ ನಂಬಿದ್ದರೂ ಅದರಾಚೆ ಪೋಕ್ ಮಾಡಬಹುದು. ಅಲ್ಲೇ ಪೀಕ್ ಮಾಡಿದರೆ 253. ಬೇರೆ ವಿಳಾಸಗಳಲ್ಲೂ 253. 255ರಲ್ಲಿ 2 ಕಾಣೆ, ಅಂದರೆ ಒಂದೇ ಬಿಟ್ ಹೋಗಿದೆ. ಎಂಟು ಬಿಟ್‌ಗೆ ಎಂಟು ಚಿಪ್, ಹಾಗಾಗಿ ಕಳ್ಳ ಒಬ್ಬನೇ. ಅವನನ್ನು ಪಕ್ಕದ ಚಿಪ್ ಜೊತೆ ಅದಲು ಬದಲು ಮಾಡಿದೆ. ಈಗ 254 ಬಂತು, ಅಂದರೆ 2ರ ಬದಲು 1 ಕಾಣೆ. ತಪ್ಪು ಚಿಪ್ ಜೊತೆಗೇ ಸರಿಯಿತು, ಅಂದರೆ ಸಾಕೆಟ್ ಸರಿ, ತಂತಿ ಸರಿ, ಲಾಜಿಕ್ ಸರಿ. ಚಿಪ್ಪೇ ಸತ್ತು ಬಂದಿದೆ.

ಮಾರಿದವರಿಗೆ ಬರೆದರೆ "ಬೆಸುಗೆ ಸರಿ ನೋಡಿ" ಅಂದರು. ಸಾಕೆಟ್‌ನಲ್ಲಿ ಕೂತ ಚಿಪ್‌ಗೆ ಎಲ್ಲಿಯ ಬೆಸುಗೆ? 253, 254 ಲೆಕ್ಕ ಕಳಿಸಿದ ಮೇಲೆ, ಒಂದು ತಿಂಗಳು ಕಾಯಿಸಿ ಬದಲಿ ಕಳಿಸಿದರು. ಹಾಕಿದ ತಕ್ಷಣ 65535.

ಅಲ್ಲಿಂದ ಇಲ್ಲಿಯವರೆಗೆ ಕಿಟ್ ತಕರಾರು ಮಾಡಿಲ್ಲ. ವಾರಕ್ಕೆ ಎರಡು ಮೂರು ಸಲ, ಒಂದೆರಡು ಗಂಟೆ ಓಡಿಸುತ್ತೇನೆ. ಅಡಾಪ್ಟರ್‌ನ ವೋಲ್ಟೇಜನ್ನು 5 ವೋಲ್ಟ್‌ಗೆ ಇಳಿಸುವ 7805 ರೆಗ್ಯುಲೇಟರ್ ಮೊದಲಿಗಿಂತ ಜಾಸ್ತಿ ಬಿಸಿಯಾಗುತ್ತಿತ್ತು, ಹೊಸ ಚಿಪ್‌ಗಳಿಗೂ ಕರೆಂಟ್ ಬೇಕಲ್ವಾ. ಎರಡನೇ ವರ್ಷ ಅದನ್ನು ತೆಗೆದು ಸ್ವಿಚಿಂಗ್ ಬಗೆಯದು ಹಾಕಿದೆ. ಈಗ ಕೇಸ್ ಮೇಲೆ ಕೈ ಇಡಬಹುದು.

ಅಡಾಪ್ಟರ್ ಬದಲಿಸುವವರಿಗೆ ಒಂದು ಮಾತು. ಇದರ 9 ವೋಲ್ಟ್ ಪಿನ್‌ನಲ್ಲಿ ನಡುವೆ ಮೈನಸ್. ಇಂದಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ನಡುವೆ ಪ್ಲಸ್. ಕೈಗೆ ಸಿಕ್ಕಿದ್ದನ್ನು ಚುಚ್ಚಬೇಡಿ.

ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದು ಅಂಕ ಪರೀಕ್ಷಿಸದೆ ಕಳಿಸಿದ ಚಿಪ್‌ಗೆ ಹೋಯಿತು, ಅರ್ಧ ಆ ಮಸುಕು ಫೋಟೊಗೆ. ಸುಟ್ಟ 4116ಕ್ಕೆ ಅವರ ಅಂಕ ಕಳೆದಿಲ್ಲ, ಅದು ನನ್ನ ಲೆಕ್ಕ. ತರಿಸುವವರು ಪೊಟ್ಟಣ ಬಿಚ್ಚಿದ ದಿನವೇ ಪೋಕ್ ಪರೀಕ್ಷೆ ಮಾಡಿ, ಮಲ್ಟಿಮೀಟರ್ ಡ್ರಾದಲ್ಲೇ ಇರಲಿ.