ಆಸ್ಟ್ರೇಲಿಯಾದ ಪಾರ್ಟ್ನರ್ ವೀಸಾ 309/100: ಊರಿನಲ್ಲಿದ್ದುಕೊಂಡೇ ಅರ್ಜಿ ಹಾಕಿದವಳ ವಿಮರ್ಶೆ

ಆಸ್ಟ್ರೇಲಿಯಾದ ಪ್ರಜೆಯನ್ನೋ ಅಲ್ಲಿನ ಕಾಯಂ ನಿವಾಸಿಯನ್ನೋ ಮದುವೆಯಾದವರು ಆ ದೇಶದ ಹೊರಗಿದ್ದುಕೊಂಡು ಸಂಗಾತಿಯನ್ನು ಸೇರಲು ಹಾಕುವ ಅರ್ಜಿ ಸಬ್‌ಕ್ಲಾಸ್ 309. ಅದು ತಾತ್ಕಾಲಿಕ ವೀಸಾ. ಅದರ ಮುಂದಿನ ಹಂತವಾದ 100 ಕಾಯಂ ವೀಸಾ. ಎರಡಕ್ಕೂ ಅರ್ಜಿ ಒಂದೇ, ಶುಲ್ಕವೂ ಒಂದೇ. ನನ್ನ ಪತಿ ಮೆಲ್ಬರ್ನ್‌ನಲ್ಲಿ ಕಾಯಂ ನಿವಾಸಿ. ನಾನು ಅರಸೀಕೆರೆಯ ಅತ್ತೆ ಮಾವನವರ ಮನೆಯಲ್ಲಿದ್ದು ಇಮ್ಮಿಅಕೌಂಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಅರ್ಜಿ ಸಲ್ಲಿಸಿ, ವೀಸಾ ಪಡೆದು ಆಸ್ಟ್ರೇಲಿಯಾಕ್ಕೆ ಬಂದಿದ್ದೇನೆ. ಈ ವ್ಯವಸ್ಥೆಯ ಬಗ್ಗೆ ನನಗೆ ಗೌರವವಿದೆ. ಯಾರ ಶಿಫಾರಸೂ ಇಲ್ಲದೆ, ಯಾವ ಕಚೇರಿಯ ಬಾಗಿಲನ್ನೂ ಕಾಯದೆ, ಗಂಡ ಹೆಂಡತಿ ಇಬ್ಬರೇ ಕುಳಿತು ಪೂರೈಸಬಹುದಾದ ಕೆಲಸ ಇದು. ಆದರೆ ಕೂಡುಕುಟುಂಬದಲ್ಲಿ ನಡೆಯುವ ನಮ್ಮ ದಾಂಪತ್ಯವನ್ನು ಅಲ್ಲಿನ ಅಧಿಕಾರಿಗೆ ಅರ್ಥವಾಗುವಂತೆ ಬರೆದು ತೋರಿಸುವ ಹೊಣೆ ಸಂಪೂರ್ಣವಾಗಿ ನಮ್ಮದೇ, ಮತ್ತು ಅರ್ಜಿ ಗೆಲ್ಲುವುದೂ ಸೋಲುವುದೂ ಬಹುತೇಕ ಅಲ್ಲಿಯೇ.

ಮದುವೆಯ ನೋಂದಣಿ ಪತ್ರವಿದ್ದರೆ ಸಾಕೆಂದು ನಮ್ಮ ಕಡೆ ಅನೇಕರು ಭಾವಿಸಿದ್ದಾರೆ. ಅದು ಬೇಕೇ ಬೇಕು. ಲಗ್ನಪತ್ರಿಕೆ, ಛತ್ರದ ರಸೀದಿ, ಫೋಟೋಗಳನ್ನು ನಂಬಿ ಕೂರದೆ ಉಪನೋಂದಣಾಧಿಕಾರಿಗಳ ಕಚೇರಿಯ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಳ್ಳಬೇಕು. ಆದರೆ ಅದು ಮದುವೆ ಆಯಿತೆಂಬುದನ್ನು ಮಾತ್ರ ಸಾಬೀತುಪಡಿಸುತ್ತದೆ. ಸಂಬಂಧ ನಿಜವಾದದ್ದೇ, ಮುಂದುವರಿಯುತ್ತಿದೆಯೇ ಎಂಬುದನ್ನು ಆಸ್ಟ್ರೇಲಿಯಾದ 1994ರ ವಲಸೆ ನಿಯಮಗಳು ನಾಲ್ಕು ಮುಖಗಳಿಂದ ನೋಡುತ್ತವೆ: ಹಣಕಾಸು, ಮನೆವಾರ್ತೆ, ಸಮಾಜದಲ್ಲಿ ದಂಪತಿಯಾಗಿ ಗುರುತಿಸಿಕೊಂಡಿರುವುದು ಮತ್ತು ಪರಸ್ಪರ ಬದ್ಧತೆ. ಜಂಟಿ ಬ್ಯಾಂಕ್ ಖಾತೆ, ಇಬ್ಬರ ಹೆಸರಿನ ಬಾಡಿಗೆ ಕರಾರು, ಕರೆಂಟ್ ಬಿಲ್ಲು ಎಂದು ಅಲ್ಲಿನ ಗೃಹ ಇಲಾಖೆಯ ಜಾಲತಾಣದಲ್ಲಿ ಕೊಟ್ಟಿರುವ ಉದಾಹರಣೆಗಳನ್ನು ಓದಿದಾಗ ನನಗೆ ಗಾಬರಿಯಾದದ್ದು ನಿಜ. ನಾವಿದ್ದ ಮನೆ ಮಾವನವರ ಹೆಸರಿನಲ್ಲಿದೆ, ಕರೆಂಟ್ ಬಿಲ್ಲು ಇನ್ನೂ ಅವರ ತಂದೆಯವರ ಹೆಸರಿನಲ್ಲೇ ಬರುತ್ತದೆ, ದಿನಸಿಯ ಲೆಕ್ಕ ಅತ್ತೆಯವರದು. ಮದುವೆಯ ನಂತರ ಕೆಲವೇ ವಾರ ರಜೆಯಲ್ಲಿದ್ದು ಮರಳಿದ ಗಂಡನೊಂದಿಗೆ ಬಾಡಿಗೆ ಕರಾರು ಎಲ್ಲಿಂದ ತರುವುದು?

ನಿಯಮವನ್ನೇ ನಿಧಾನವಾಗಿ ಓದಿದ ಮೇಲೆ ಆ ಗಾಬರಿ ಇಳಿಯಿತು. ನಾಲ್ಕೂ ಮುಖಗಳನ್ನು ಪರಿಗಣಿಸಬೇಕೆಂದು ಅದು ಹೇಳುತ್ತದೆಯೇ ಹೊರತು ಇಂಥದೊಂದು ಕಾಗದ ಇಲ್ಲದಿದ್ದರೆ ಅರ್ಜಿ ಬಿತ್ತು ಎನ್ನುವುದಿಲ್ಲ. ಗಂಡ ಹೆಂಡತಿ ಒಟ್ಟಿಗೆ ವಾಸಿಸುತ್ತಿರಬೇಕು, ಇಲ್ಲವೇ ಶಾಶ್ವತವಾಗಿ ಬೇರೆಯಾಗಿ ಬದುಕುತ್ತಿರಬಾರದು ಎಂಬುದು 1958ರ ವಲಸೆ ಕಾಯ್ದೆಯ ಮಾತು. ಕೆಲಸದ ಕಾರಣಕ್ಕೆ, ವೀಸಾದ ಕಾರಣಕ್ಕೆ ದೂರವಿರುವವರನ್ನು ಕಾನೂನು ಹೊರಗಿಡುವುದಿಲ್ಲ. ಈ ಒಂದು ಅಂಶಕ್ಕಾಗಿಯೇ ನಾನು ಈ ವ್ಯವಸ್ಥೆಯನ್ನು ನ್ಯಾಯವಾದದ್ದೆಂದು ಕರೆಯುತ್ತೇನೆ. ಹಾಗಾಗಿ ಇಲ್ಲದ ಕಾಗದವನ್ನು ಹುಡುಕುವ ಬದಲು ಇರುವ ಬದುಕನ್ನೇ ವಿವರಿಸಿದೆ. ಮನೆ ಯಾರದು, ಖರ್ಚು ಯಾರು ನೋಡಿಕೊಳ್ಳುತ್ತಾರೆ, ಪತಿ ತಿಂಗಳು ತಿಂಗಳು ಕಳುಹಿಸುವ ಹಣದಲ್ಲಿ ಮನೆಗೆ ಎಷ್ಟು, ನನ್ನ ಖಾತೆಗೆ ಎಷ್ಟು, ಮಾವನವರನ್ನು ಆಸ್ಪತ್ರೆಗೆ ಕರೆದೊಯ್ಯುವ ಹೊಣೆಯನ್ನು ನಾವಿಬ್ಬರೂ ಫೋನಿನಲ್ಲೇ ಹೇಗೆ ಹಂಚಿಕೊಂಡೆವು ಎಂದೆಲ್ಲ ಬರೆದು, ಪ್ರತಿಯೊಂದಕ್ಕೂ ಬ್ಯಾಂಕ್ ವಿವರ, ಆಧಾರ್‌ನಲ್ಲಿ ಬದಲಾದ ವಿಳಾಸ, ನಾಮಿನಿಯಾಗಿ ನನ್ನ ಹೆಸರಿರುವ ಪತಿಯ ನಿವೃತ್ತಿ ನಿಧಿಯ ಪತ್ರ ಹೀಗೆ ಆಧಾರ ಜೋಡಿಸಿದೆ. ಮದುವೆಯ ಆಲ್ಬಮ್ಮನ್ನು ಇಡಿಯಾಗಿ ತುಂಬುವುದರಿಂದ ಪ್ರಯೋಜನವಿಲ್ಲ. ನಿಶ್ಚಿತಾರ್ಥ, ಧಾರೆ, ಹಬ್ಬ, ಪ್ರವಾಸ ಎಂದು ಬೇರೆ ಬೇರೆ ಕಾಲದ ಕೆಲವೇ ಚಿತ್ರಗಳಿಗೆ ದಿನಾಂಕ, ಸ್ಥಳ, ಇರುವವರ ಸಂಬಂಧ ಬರೆದರೆ ಅವು ಹೆಚ್ಚು ಮಾತಾಡುತ್ತವೆ.

ನಮ್ಮ ಸಂಬಂಧವನ್ನು ಬಲ್ಲವರ ಹೇಳಿಕೆಗಳೂ ಬೇಕು, ಅದಕ್ಕೆ ಫಾರಂ 888 ಇದೆ. ಆಸ್ಟ್ರೇಲಿಯಾದ ಪ್ರಜೆಗಳು ಅಥವಾ ಕಾಯಂ ನಿವಾಸಿಗಳು ಅದನ್ನು ಬರೆದುಕೊಡುತ್ತಾರೆ. ದೊಡ್ಡ ಹುದ್ದೆಯವರನ್ನು ಹುಡುಕುವುದಕ್ಕಿಂತ, ಮದುವೆಗೆ ಊರಿಗೆ ಬಂದು ಪಂಕ್ತಿಯಲ್ಲಿ ಕುಳಿತು ಉಂಡ ಸ್ನೇಹಿತರು ತಾವು ಕಂಡದ್ದನ್ನು ಬರೆದರೆ ಅದಕ್ಕೆ ತೂಕ.

ಕರ್ನಾಟಕದವರು ವಿಶೇಷವಾಗಿ ಎಚ್ಚರ ವಹಿಸಬೇಕಾದದ್ದು ಹೆಸರಿನಲ್ಲಿ. ಅಂಕಪಟ್ಟಿಯಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದರ ವಿಸ್ತರಣೆ, ಆಧಾರ್‌ನಲ್ಲಿ ತಂದೆಯ ಹೆಸರು ಹಿಂದೆ, ಬ್ಯಾಂಕಿನಲ್ಲಿ ಮುಂದೆ. ಮನೆತನದ ಹೆಸರು ರೂಢಿಯಾಗಿರುವ ನಾಡಿನ ಅಧಿಕಾರಿಗೆ ಇವರೆಲ್ಲ ಬೇರೆ ಬೇರೆ ವ್ಯಕ್ತಿಗಳಂತೆ ಕಾಣಬಹುದು. ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅರ್ಜಿ ತುಂಬಿ, ಉಳಿದ ರೂಪಗಳನ್ನೆಲ್ಲ ಬೇರೆ ಹೆಸರುಗಳನ್ನು ಕೇಳುವ ಪ್ರಶ್ನೆಯಲ್ಲಿ ನಮೂದಿಸಿ, ಒಂದು ಪುಟದ ವಿವರಣೆ ಲಗತ್ತಿಸುವುದು ಒಳ್ಳೆಯದು. ಕನ್ನಡದ ದಾಖಲೆಗಳಿಗೆ ಇಂಗ್ಲಿಷ್ ಅನುವಾದ ಬೇಕು. ಆಸ್ಟ್ರೇಲಿಯಾದ ಹೊರಗೆ ಮಾಡಿಸಿದ ಅನುವಾದಕ್ಕೆ ಅಲ್ಲಿನ ಮಾನ್ಯತೆ ಪಡೆದ ಅನುವಾದಕರೇ ಆಗಬೇಕೆಂದಿಲ್ಲ, ಅನುವಾದಿಸಿದವರ ಪೂರ್ಣ ಹೆಸರು, ವಿಳಾಸ, ದೂರವಾಣಿ, ಅರ್ಹತೆ ಮತ್ತು ಅನುಭವದ ವಿವರ ಅದರಲ್ಲಿದ್ದರಾಯಿತು.

ಇನ್ನು ಶುಲ್ಕ. 2025ರ ಜುಲೈ 1ರಿಂದ ಅದು 9,365 ಆಸ್ಟ್ರೇಲಿಯನ್ ಡಾಲರ್, ಅಂದರೆ ನಮ್ಮ ಹಣದಲ್ಲಿ ಐದು ಲಕ್ಷ ರೂಪಾಯಿಗೂ ಮೇಲೆ. ಅರ್ಜಿ ತಿರಸ್ಕೃತವಾದರೆ ಹಣ ಮರಳುವುದಿಲ್ಲ. ಹೊಸದಾಗಿ ಸಂಸಾರ ಹೂಡುವವರ ಮೇಲೆ ಇಷ್ಟು ದೊಡ್ಡ ಹೊರೆ ಹೊರಿಸುವುದು ಸರಿಯಲ್ಲವೆಂದೇ ನನ್ನ ಅಭಿಪ್ರಾಯ. ಈ ಸೇವೆಯ ಅತಿ ದೊಡ್ಡ ದೋಷ ಇದು. ಕಾರ್ಡಿನಲ್ಲಿ ಕಟ್ಟಿದರೆ ಹೆಚ್ಚುವರಿ ದರವೂ ಸೇರುವುದರಿಂದ, ಅಲ್ಲಿರುವ ಸಂಗಾತಿ ತಮ್ಮ ಬ್ಯಾಂಕ್ ಖಾತೆಯಿಂದ ಬಿಪೇ ಎಂಬ ಅಲ್ಲಿನ ಬಿಲ್ ಪಾವತಿ ವ್ಯವಸ್ಥೆಯ ಮೂಲಕ ಕಟ್ಟುವುದು ಮೇಲು. ಅರ್ಜಿದಾರರು ಸಲ್ಲಿಸಿದ ಮೇಲೆ ಸಿಗುವ ಉಲ್ಲೇಖ ಸಂಖ್ಯೆಯನ್ನು ಬಳಸಿ ಪ್ರಾಯೋಜಕರು, ಅಂದರೆ ಅಲ್ಲಿರುವ ಸಂಗಾತಿ, ತಮ್ಮ ಫಾರಂ ಅನ್ನು ಪ್ರತ್ಯೇಕವಾಗಿ ತುಂಬಬೇಕು.

ಪೊಲೀಸ್ ಪ್ರಮಾಣಪತ್ರ ಪಾಸ್‌ಪೋರ್ಟ್ ಸೇವಾ ಕೇಂದ್ರದಲ್ಲಿ 500 ರೂಪಾಯಿಗೆ ಆಗುತ್ತದೆ. ಕಳೆದ ಹತ್ತು ವರ್ಷಗಳಲ್ಲಿ ಒಟ್ಟು ಹನ್ನೆರಡು ತಿಂಗಳು ಬೇರೆ ದೇಶದಲ್ಲಿದ್ದವರು ಅಲ್ಲಿಯದನ್ನೂ ತರಿಸಬೇಕು. ವೈದ್ಯಕೀಯ ತಪಾಸಣೆಯು ಆಸ್ಟ್ರೇಲಿಯಾದ ಗೃಹ ಇಲಾಖೆ ಗೊತ್ತುಪಡಿಸಿದ ವೈದ್ಯರಲ್ಲೇ ಆಗಬೇಕು. ಎರಡಕ್ಕೂ ಸಾಮಾನ್ಯವಾಗಿ ಹನ್ನೆರಡು ತಿಂಗಳ ಆಯುಸ್ಸಾದ್ದರಿಂದ, ತೀರಾ ಮುಂಚೆ ಮಾಡಿಸಿದರೆ ಮತ್ತೊಮ್ಮೆ ಖರ್ಚು ಬಂದೀತು.

ಕಾಯುವ ಕಾಲದಲ್ಲಿ ಜಾಲತಾಣ ಹೇಳುವುದು ಬಹಳ ಕಡಿಮೆ. ಸ್ಥಿತಿಯನ್ನು ಸೂಚಿಸುವ ಒಂದೆರಡು ಪದಗಳು ತಿಂಗಳುಗಟ್ಟಲೆ ಬದಲಾಗುವುದಿಲ್ಲ, ಮುಂದೇನೆಂದು ತಿಳಿಯುವುದಿಲ್ಲ. ನೆಂಟರಿಷ್ಟರು ಸಿಕ್ಕಲ್ಲೆಲ್ಲ ಯಾವಾಗ ಹೊರಡುತ್ತೀಯಮ್ಮ ಎಂದು ಕೇಳುವ ಊರಿನಲ್ಲಿ ಈ ಮೌನ ಹೆಣ್ಣುಮಕ್ಕಳಿಗೆ ಎಷ್ಟು ಭಾರವೆಂಬುದನ್ನು ಬಲ್ಲವರೇ ಬಲ್ಲರು. ಆದರೂ ಅರ್ಜಿಯನ್ನು ಮರೆತು ಕೂರಬಾರದು. ಪತಿ ಬಂದುಹೋದ ಟಿಕೆಟ್, ಹೊಸ ಫೋಟೋ, ಹಣದ ವಿವರಗಳನ್ನು ಆಗಾಗ ಸೇರಿಸುತ್ತಿರಬೇಕು. ವಿಳಾಸ, ಪಾಸ್‌ಪೋರ್ಟ್ ಬದಲಾದರೆ, ಮಗು ಹುಟ್ಟಿದರೆ ತಿಳಿಸಲೇಬೇಕು.

ನಮ್ಮ ಜಿಲ್ಲೆಯ ಒಂದು ಕನ್ಸಲ್ಟೆನ್ಸಿಯವರು, ಹೆಸರು ಬದಲಿಸಿದರೆ ಯಾರಿಗಾದರೂ ಹೊಂದುವಂತಹ ಸಿದ್ಧ ಪ್ರೇಮಕಥೆಯೊಂದನ್ನು ನನಗೆ ತೋರಿಸಿ, ಇದಕ್ಕೆ ಸಹಿ ಹಾಕಿದರೆ ಸಾಕು ಎಂದರು. ಮನೆಯವರು ನೋಡಿ ಮಾಡಿದ ಮದುವೆ ನಮ್ಮದು, ಅದನ್ನು ಹಾಗೆಯೇ ಬರೆಯಲು ಯಾವ ಅಡ್ಡಿಯೂ ಇಲ್ಲ. ಸುಳ್ಳು ಮಾಹಿತಿ ಕೊಟ್ಟು ಸಿಕ್ಕಿಬಿದ್ದರೆ ಮೂರು ವರ್ಷ ವೀಸಾ ಸಿಗದಂತಾಗಬಹುದು. ಪ್ರಕರಣ ನಿಜಕ್ಕೂ ತೊಡಕಿನದಾಗಿದ್ದರೆ, ಉದಾಹರಣೆಗೆ ಹಿಂದೆ ವೀಸಾ ತಿರಸ್ಕೃತವಾಗಿದ್ದರೆ ಅಥವಾ ಪ್ರಾಯೋಜಕರು ಮೊದಲೊಮ್ಮೆ ಬೇರೊಬ್ಬ ಸಂಗಾತಿಯನ್ನು ಪ್ರಾಯೋಜಿಸಿದ್ದರೆ, ಆಸ್ಟ್ರೇಲಿಯಾದಲ್ಲಿ ನೋಂದಾಯಿತರಾದ ವಲಸೆ ಏಜೆಂಟರನ್ನೋ ವಕೀಲರನ್ನೋ ಹಿಡಿಯುವುದು ಸೂಕ್ತ. ಆಗಲೂ ಇಮ್ಮಿಅಕೌಂಟ್‌ಗೆ ಏರಿಸುವ ಪ್ರತಿ ಪುಟವನ್ನೂ ನೀವೇ ಓದಿ.

309 ಸಿಕ್ಕವರು ಬಂದ ದಿನದಿಂದಲೇ ಪೂರ್ಣಾವಧಿ ದುಡಿಯಬಹುದು, ಓದಬಹುದು, ಅಲ್ಲಿನ ಸರ್ಕಾರಿ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ಸೇರಬಹುದು, ಎಷ್ಟು ಬಾರಿಯಾದರೂ ಊರಿಗೆ ಹೋಗಿಬರಬಹುದು. ಅರ್ಜಿ ಹಾಕಿ ಎರಡು ವರ್ಷವಾದ ಮೇಲೆ ಕಾಯಂ ಹಂತದ ಪರಿಶೀಲನೆ. ಮಗಳನ್ನು ಕಳುಹಿಸುವ ತಂದೆ ತಾಯಂದಿರಿಗೆ ತಿಳಿದಿರಬೇಕಾದ ಸಂಗತಿ ಇನ್ನೊಂದಿದೆ: ಆಸ್ಟ್ರೇಲಿಯಾಕ್ಕೆ ಬಂದ ನಂತರ ಕೌಟುಂಬಿಕ ದೌರ್ಜನ್ಯದಿಂದಾಗಿ ಸಂಬಂಧ ಮುರಿದರೂ ಆಕೆಯ ಕಾಯಂ ವೀಸಾದ ದಾರಿ ತಾನಾಗಿ ಮುಚ್ಚಿಹೋಗುವುದಿಲ್ಲ, ಕಾನೂನಿನಲ್ಲಿ ಅದಕ್ಕೆಂದೇ ಅವಕಾಶವಿದೆ. ಗಂಡನ ಮನೆ ಬಿಟ್ಟರೆ ದೇಶವನ್ನೇ ಬಿಡಬೇಕಾಗುತ್ತದೆ ಎಂದು ಯಾರಾದರೂ ಆಕೆಯನ್ನು ಹೆದರಿಸಿದರೆ ಅದನ್ನು ನಂಬಬೇಕಾಗಿಲ್ಲ.