ಗೊಬ್ಬರ ಇಡೋಕೆ ದಬ್ಬೆ ಅಟ್ಟ, ತಗಡಿನ ಪೆಟ್ಟಿಗೆ, ನೀಲಿ ಡ್ರಮ್: ನನ್ನ ಓಟು ಡ್ರಮ್‌ಗೆ

ಬಾಯಿ ಬಿಚ್ಚಿದ ಯೂರಿಯಾ ಚೀಲ ಮಲೆನಾಡಿನ ಆಷಾಢದಲ್ಲಿ ಎಷ್ಟು ದಿನ ಬಾಳುತ್ತದೆ ಹೇಳಿ? ಗಾಳಿಯ ತೇವ ಸುಮಾರು ಶೇ 75 ದಾಟಿತು ಅಂದರೆ ಯೂರಿಯಾ ನೀರು ಎಳೆಯೋಕೆ ಶುರು ಮಾಡುತ್ತದೆ. ಆಮೇಲೆ ಒಂದು ದಿನ ಬಿಸಿಲು ಬಂದರೆ ಸಾಕು, ಚೀಲದ ತುಂಬ ಕಲ್ಲು. ನಾನು ಡ್ರಮ್ಮಿಗೆ ಬಿದ್ದಿದ್ದು ಇದಕ್ಕೇ.

ಹೊಲಿಗೆ ಬಿಚ್ಚದ ಚೀಲಕ್ಕೆ ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟ ಸಾಕು. ನೆಲದಿಂದ ಒಂದು ಗೇಣು ಮೇಲೆ, ಗೋಡೆಗೆ ತಾಗದ ಹಾಗೆ ಪೇರಿಸಿ. ದಬ್ಬೆ ತೋಟದ್ದೇ, ಖರ್ಚಿಲ್ಲ. ಆದರೆ ಬಿಚ್ಚಿದ ಚೀಲದ ಮೇಲೆ ಟಾರ್ಪಾಲು ಹೊದಿಸಿದರೆ ಒಳಗೇ ಬೆವರುತ್ತದೆ.

ತಗಡಿನ ಪೆಟ್ಟಿಗೆ ಬೇಡವೇ ಬೇಡ. ಪೊಟ್ಯಾಷ್ ಗೊಬ್ಬರ ತಿಂದು ತಳ ಜರಡಿಯಾಯಿತು.

ಇನ್ನೂರು ಲೀಟರಿನ ಡ್ರಮ್ಮಿಗೆ 45 ಕೆಜಿಯ ಮೂರು ಚೀಲ ಯೂರಿಯಾ ಹಿಡಿಯುತ್ತದೆ. ತಿಂಗಳು ಬಿಟ್ಟು ತೆಗೆದರೂ ಕಾಳು ಕಾಳಾಗಿ ಉದುರುತ್ತದೆ. ಗೊಬ್ಬರದ ಮನೆ ಕೊಟ್ಟಿಗೆಗೆ ಅಂಟಿಕೊಂಡಿದ್ದರೆ ಇನ್ನೊಂದು ಲಾಭ: ದನ ಯೂರಿಯಾ ನೆಕ್ಕಿದರೆ ಜೀವಕ್ಕೇ ಅಪಾಯ, ಮುಚ್ಚಳ ಇದ್ದರೆ ಆ ಭಯ ಇಲ್ಲ.

ಕಿರಿಕಿರಿ ಇರೋದು ಮುಚ್ಚಳ ಬಿಗಿಯುವ ಕಬ್ಬಿಣದ ಬಳೆಯಲ್ಲಿ. ಗೊಬ್ಬರದ ಧೂಳು ಅದರ ಸಂದಿಗೆ ಕೂರುತ್ತದೆ, ತೇವ ಎಳೆಯುತ್ತದೆ, ಹಿಡಿಕೆಯ ಕೀಲು ತುಕ್ಕು ಹಿಡಿದು ಕೂತುಬಿಡುತ್ತದೆ. ಮಳೆ ನಿಂತು ಹೊಳವಾದ ಹೊತ್ತಿಗೆ ಗೊಬ್ಬರ ಹಾಕೋಣ ಅಂತ ಆಳುಗಳು ಬುಟ್ಟಿ ಹಿಡಿದು ನಿಂತಿರುತ್ತಾರೆ, ನಾವು ಸುತ್ತಿಗೆ ಹುಡುಕುತ್ತಿರುತ್ತೇವೆ.

ಹೊಡೆದು ಬಿಚ್ಚಿದರೆ ಬಳೆ ಸೊಟ್ಟ. ಬಳೆ ಸೊಟ್ಟ ಆದರೆ ಮುಚ್ಚಳ ಒಂದು ಕಡೆ ಎದ್ದು ನಿಲ್ಲುತ್ತದೆ, ಗಾಳಿ ಒಳಗೆ ಹೋಗುತ್ತದೆ. ಆಮೇಲೆ ಡ್ರಮ್ಮಿದ್ದೂ ಒಂದೇ, ಇಲ್ಲದಿದ್ದರೂ ಒಂದೇ. ಈಗ ಮುಚ್ಚುವ ಮುಂಚೆ ಅಂಚನ್ನು ಒಣಬಟ್ಟೆಯಲ್ಲಿ ಒರೆಸಿ, ಕೀಲಿಗೆ ಗ್ರೀಸ್ ಸವರುತ್ತೇನೆ. ತಿರುಪಿನ ಪ್ಲಾಸ್ಟಿಕ್ ಮುಚ್ಚಳದ್ದು ಇನ್ನೂ ಒಳ್ಳೆಯದು, ಆದರೆ ರೇಟು ಜಾಸ್ತಿ.

ಯೂರಿಯಾ ಚೀಲಕ್ಕೆ 266 ರೂಪಾಯಿ ಚಿಲ್ಲರೆ, ಹಳೆ ಡ್ರಮ್ಮಿಗೇ ಅದರ ನಾಲ್ಕು ಪಟ್ಟು ಕೊಟ್ಟೆ. ಲೆಕ್ಕ ಕೂಡುವುದಿಲ್ಲ ಅಲ್ವಾ? ಆದರೆ ಸೀಸನ್ನಿನಲ್ಲಿ ದುಡ್ಡು ಹಿಡಿದು ಸಾಲಲ್ಲಿ ನಿಂತರೂ ಯೂರಿಯಾ ಸಿಗೋದು ಗ್ಯಾರಂಟಿ ಇಲ್ಲ. ನಾನು ಮುಂಚೆಯೇ ತಂದಿಟ್ಟು, ಹೊಳವು ನೋಡಿ ಸ್ವಲ್ಪ ಸ್ವಲ್ಪ ಹಾಕುವವನು. ಒಂದೇ ಸಲ ಹಾಕಿ ಮುಗಿಸುವವರಿಗೆ ದಬ್ಬೆಯೇ ಸಾಕು, ಸುಮ್ನೆ ಖರ್ಚು ಮಾಡಬೇಡಿ.

ಹಳೆ ಡ್ರಮ್ ತಗೊಳ್ಳುವಾಗ ಮೊದಲು ಏನಿತ್ತು ಅಂತ ಕೇಳಿ, ಘಾಟು ಇದ್ದರೆ ಬಿಡಿ. ಬೋರ್ಡೋಗೆ (ಅಡಿಕೆಗೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ) ತಂದ ಸುಣ್ಣ ಮಾತ್ರ ಬೇರೆ ಮೂಲೆಯಲ್ಲಿರಲಿ. ಸುಣ್ಣ ಡಿಎಪಿ ಗೊಬ್ಬರದ ಜೊತೆ ಬೆರೆತರೆ ಗೊಬ್ಬರದ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ.